ದೊಡ್ಡಪ್ಪನ ಕಾರ್ಡುಗಳು

ಬೇಸಿಗೆಯ ರಜೆಗೆ ರಾಮನಾಥಪುರಕ್ಕೆ ಹೋಗಿದ್ದಾಗ ದೊಡ್ಡಪ್ಪ ಒಂದು ಪ್ಲಾಸ್ಟಿಕ್ ಕವರು ತಂದು ನನ್ನ ಮುಂದೆ ಸುರಿದರು. ಒಳಗಿದ್ದದ್ದು ಕಾರ್ಡುಗಳು. ಅಂಚು ಕಿತ್ತುಹೋದ ಯಶಸ್ವಿನಿ ಕಾರ್ಡು, ಅದರ ಹಿಂದೆ ಮಾಸಿದ ಫೋಟೊ. ಸಹಕಾರ ಸಂಘದ ರಸೀದಿಗಳು. ಎರಡು ಬೇರೆ ಬೇರೆ ಕಾಲದ ರೇಷನ್ ಕಾರ್ಡು. ಕಂಪ್ಯೂಟರ್ ಸೆಂಟರಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಆಯುಷ್ಮಾನ್ ಕಾರ್ಡು. ಮತ್ತೆ ಯಶಸ್ವಿನಿಯದೇ ಇನ್ನೊಂದು, ಹೊಸದು.

"ಇದ್ರಲ್ಲಿ ಯಾವ್ದು ಈಗ ನಡೀತದೆ ನೋಡು ಮಗ. ಮೈಸೂರಿಗೆ ತೋರ್ಸಕ್ಕೆ ಹೋಗ್ಬೇಕು. ಹೋದ್ಮೇಲೆ ಅದಲ್ಲ ಇದು, ಇದಲ್ಲ ಅದು ಅನ್ನಿಸ್ಕೊಳ್ಳೋದು ಬ್ಯಾಡ" ಅಂದರು.

ನನ್ನ ಪಿಎಚ್‌ಡಿ ಸಂಶೋಧನೆ ಹಳೇ ಮೈಸೂರು ಭಾಗದ ಸಹಕಾರ ಸಂಘಗಳ ಚರಿತ್ರೆಯ ಮೇಲೆ. ಯಶಸ್ವಿನಿಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದೇನೆ. ಆದರೂ ದೊಡ್ಡಪ್ಪನ ಪ್ರಶ್ನೆಗೆ ತಕ್ಷಣ ಉತ್ತರ ಕೊಡಲು ಆಗಲಿಲ್ಲ. ಒಂದೇ ಮನುಷ್ಯ, ಒಂದೇ ಹೃದಯ, ಇಪ್ಪತ್ತು ವರ್ಷದಲ್ಲಿ ಇಷ್ಟೊಂದು ಕಾರ್ಡು. ಒಂದೊಂದರ ಹಿಂದೆಯೂ ಒಂದೊಂದು ಸರ್ಕಾರ, ಒಂದೊಂದು ಬಜೆಟ್ ಭಾಷಣ, ಎಲ್ಲೋ ದೂರದಲ್ಲಿ ಒಂದು ನ್ಯಾಯಾಲಯದ ತೀರ್ಪು. ಆ ಕವರಿನಲ್ಲಿ ಇದ್ದದ್ದು ಕರ್ನಾಟಕದ ಆರೋಗ್ಯ ವಿಮೆಯ ಚರಿತ್ರೆ. ಅದನ್ನು ಓದುವ ಪ್ರಯತ್ನ ಈ ಬರಹ.

*

ವಿಮೆ ಎನ್ನುವುದು ಮೈಸೂರು ಸೀಮೆಗೆ ಹೊಸದಲ್ಲ. ಸಂಸ್ಥಾನದ ಸರ್ಕಾರ 1891ರಲ್ಲೇ ತನ್ನ ನೌಕರರಿಗಾಗಿ ಜೀವವಿಮೆಯ ಇಲಾಖೆ ತೆರೆದಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆಯ ಮೂಲಕ ಕಾರ್ಖಾನೆ ಕಾರ್ಮಿಕರಿಗೆ ಇಎಸ್‌ಐ ಬಂತು. ಎರಡರಲ್ಲೂ ಒಂದು ಸಮಾನ ಅಂಶವಿದೆ: ತಿಂಗಳ ಸಂಬಳವಿದ್ದವನಿಗೆ ಮಾತ್ರ ರಕ್ಷಣೆ. ಸಂಬಳದಿಂದ ಹಿಡಿದುಕೊಳ್ಳಲು ಸಾಧ್ಯವಿದ್ದರೆ ವಿಮೆ, ಇಲ್ಲದಿದ್ದರೆ ಇಲ್ಲ. ರಾಮನಾಥಪುರದಂಥ ಊರಿನಲ್ಲಿ ಮಳೆ ನೋಡಿಕೊಂಡು ಹೊಗೆಸೊಪ್ಪು ನೆಡುವವನು, ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯುವವನು ಈ ಲೆಕ್ಕದಲ್ಲಿ ಇರಲೇ ಇಲ್ಲ.

ನಮ್ಮೂರಿನ ಪರಿಚಯ ಒಂದು ಮಾತಿನಲ್ಲಿ ಹೇಳಬೇಕು. ಹೊರಗಿನವರಿಗೆ ರಾಮನಾಥಪುರ ಎಂದರೆ ಕಾವೇರಿಯ ದಡ, ರಾಮೇಶ್ವರ ಮತ್ತು ಸುಬ್ರಹ್ಮಣ್ಯ ದೇವಸ್ಥಾನ, ವಹ್ನಿ ಪುಷ್ಕರಣಿಯಲ್ಲಿ ಪುರಿಗೆ ಮುಗಿಬೀಳುವ ಮೀನುಗಳು. ಒಳಗಿನವರಿಗೆ ಅದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರು. ವರ್ಷದ ದುಡಿಮೆ ಬೇಲುಗಳ ರೂಪದಲ್ಲಿ ಅಲ್ಲಿ ಸಾಲಾಗಿ ಕೂರುತ್ತದೆ. ಮಗಳ ಮದುವೆ, ಮಗನ ಕಾಲೇಜು ಫೀಸು, ಆಸ್ಪತ್ರೆಯ ಖರ್ಚು ಎಲ್ಲವೂ "ಸೊಪ್ಪು ಹೋದ್ಮೇಲೆ" ಎಂಬ ಮಾತಿಗೆ ಕಾಯುತ್ತವೆ. ಕಾಯಿಲೆ ಮಾತ್ರ ಹರಾಜಿನ ದಿನ ನೋಡಿಕೊಂಡು ಬರುವುದಿಲ್ಲ.

ಇಂಥ ಊರುಗಳಿಗೆ ವಿಮೆ ಬಂದದ್ದು ಸರ್ಕಾರಿ ಕಚೇರಿಯ ಬಾಗಿಲಿನಿಂದಲ್ಲ, ಹಾಲಿನ ಡೇರಿಯ ಮತ್ತು ಪತ್ತಿನ ಸಂಘದ ಬಾಗಿಲಿನಿಂದ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಆಲೋಚನೆಯಿಂದ ಯಶಸ್ವಿನಿ ಯೋಜನೆ ರೂಪುಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂತು. ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ. ಗ್ರಾಮೀಣ ಸಹಕಾರ ಸಂಘದ ಸದಸ್ಯನಾಗಿದ್ದರೆ ಸಾಕು, ಅವನೂ ಅವನ ಮನೆಯವರೂ ಸೇರಬಹುದಿತ್ತು. ಒಂದು ಶಸ್ತ್ರಚಿಕಿತ್ಸೆಗೆ ಒಂದು ಲಕ್ಷದವರೆಗೆ, ವರ್ಷಕ್ಕೆ ಎರಡು ಲಕ್ಷದವರೆಗೆ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಚಿಕಿತ್ಸೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಅದು ಬರಗಾಲದ ಕಾಲ. ಹಳ್ಳಿಗಳಿಂದ ರೈತರ ಆತ್ಮಹತ್ಯೆಯ ಸುದ್ದಿಗಳು ಬರುತ್ತಿದ್ದವು. ಐಟಿ ರಾಜಧಾನಿಯ ಮುಖ್ಯಮಂತ್ರಿ ಎಂಬ ಹೆಸರು ಪಡೆದಿದ್ದ ಕೃಷ್ಣ ಅವರ ಸರ್ಕಾರಕ್ಕೆ ಹಳ್ಳಿಗೆ ಹೇಳಲು ಒಂದು ಮಾತು ಬೇಕಿತ್ತು. ಯೋಜನೆಯ ಹಿಂದೆ ಒಳ್ಳೆಯ ಮನಸ್ಸಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮನಸ್ಸು ಮತ್ತು ಚುನಾವಣೆಯ ಅಗತ್ಯ ಒಂದೇ ಕಡೆ ತಿರುಗಿದಾಗ ಮಾತ್ರ ಇಂಥದ್ದು ಆಗುತ್ತದೆ ಎನ್ನುವುದು ಚರಿತ್ರೆಯ ಪಾಠ. 2004ರಲ್ಲಿ ಕೃಷ್ಣ ಅವರ ಪಕ್ಷ ಬಹುಮತ ಕಳೆದುಕೊಂಡಿತು, ಯಶಸ್ವಿನಿ ಉಳಿಯಿತು. ಅದಕ್ಕೆ ಕಾರಣವೂ ಇದೆ: ಯೋಜನೆಗೆ ಯಾವ ನಾಯಕನ ಹೆಸರೂ ಇರಲಿಲ್ಲ. ಊರೂರಿನ ಸಂಘದ ಕಾರ್ಯದರ್ಶಿಗಳು ಅದನ್ನು ತಮ್ಮದೆಂದು ಭಾವಿಸಿದ್ದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಶುರುಮಾಡಿದ ಸಹಕಾರ ಸಂಘದ ಪರಂಪರೆ ನೂರು ವರ್ಷದ ನಂತರ ಆಸ್ಪತ್ರೆಯ ಬಾಗಿಲು ತೆರೆಯಲು ಬಳಕೆಯಾಗಿತ್ತು.

ಯಶಸ್ವಿನಿಯಲ್ಲಿ ಇನ್ನೊಂದು ದೊಡ್ಡ ಸಂಗತಿಯಿತ್ತು. ಸೇರುವ ಮೊದಲೇ ಇದ್ದ ಕಾಯಿಲೆಗೂ ಶಸ್ತ್ರಚಿಕಿತ್ಸೆ ಸಿಗುತ್ತಿತ್ತು. ಅಮೆರಿಕದಲ್ಲಿ ಹಳೆಯ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸಬಾರದು ಎಂಬ ನಿಯಮ ಪೂರ್ತಿಯಾಗಿ ಜಾರಿಗೆ ಬಂದದ್ದು 2014ರಲ್ಲಿ, ಒಬಾಮಾ ಕಾಲದ ಕಾಯ್ದೆಯಿಂದ. ಆ ಕಾಯ್ದೆಗಾಗಿ ಅಲ್ಲಿ ಸರ್ಕಾರಗಳೇ ಅಲ್ಲಾಡಿದವು. ನಮ್ಮಲ್ಲಿ ಹನ್ನೊಂದು ವರ್ಷ ಮೊದಲೇ ಹಾಲಿನ ಡೇರಿಯ ಜಗುಲಿಯ ಮೇಲೆ, 60 ರೂಪಾಯಿಯ ರಸೀದಿಯಲ್ಲಿ ಅದು ನಡೆದುಹೋಗಿತ್ತು. ಯಾರೂ ಅದನ್ನು ಸಾಧನೆ ಎಂದು ಗುರುತಿಸಲಿಲ್ಲ.

2005ರಲ್ಲಿ ದೊಡ್ಡಪ್ಪನಿಗೆ ಹೃದಯದ ಬೈಪಾಸ್ ಆಯಿತು. ಸಂಘದಿಂದ ಕಾಗದ, ಕೈಯಲ್ಲಿ ಕಾರ್ಡು. ಆಸ್ಪತ್ರೆಯ ಬಿಲ್ಲಿಗೆ ಒಂದು ಗುಂಟೆ ಜಮೀನೂ ಹೋಗಲಿಲ್ಲ. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಅವರು ಎದೆಯ ಮೇಲಿನ ಹೊಲಿಗೆ ತೋರಿಸಿ "ಇದು ಸೊಸೈಟಿ ದುಡ್ಡು" ಎಂದು ನಗುತ್ತಿದ್ದದ್ದು ನೆನಪಿದೆ.

*

ಆದರೆ ಆ ಬಾಗಿಲಿಗೆ ಒಂದು ಹೊಸ್ತಿಲಿತ್ತು. ಸಂಘದ ಸದಸ್ಯನಾಗಬೇಕು. ಸಾಲದ ಸಂಘಕ್ಕೆ ಜಮೀನು ಬೇಕು, ಹಾಲಿನ ಸಂಘಕ್ಕೆ ಹಸುವಾದರೂ ಬೇಕು. ದೊಡ್ಡಪ್ಪನ ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸಲು ಬರುತ್ತಿದ್ದ ಅಣ್ಣನೊಬ್ಬನಿದ್ದ. ಹೆಸರು ಬೇಡ. ಅವನಿಗೆ ಎರಡೂ ಇರಲಿಲ್ಲ. ಸೊಪ್ಪಿನ ಬಣ್ಣ ನೋಡಿ ಬ್ಯಾರನ್ನಿನ ಶಾಖ ಎಷ್ಟಿದೆ ಎಂದು ಹೇಳಬಲ್ಲವನಾಗಿದ್ದ. 2011ರಲ್ಲಿ ಅವನಿಗೆ ಎದೆನೋವು ಶುರುವಾಯಿತು.

ಅಷ್ಟರಲ್ಲಿ ಬಡವರ ವಿಮೆಯ ಕಾಲ ಬಂದಿತ್ತು. ಕೇಂದ್ರದ ಯುಪಿಎ ಸರ್ಕಾರ 2008ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಆರಂಭಿಸಿತ್ತು: 30 ರೂಪಾಯಿ ಕೊಟ್ಟರೆ ಸ್ಮಾರ್ಟ್ ಕಾರ್ಡು, ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ ಚಿಕಿತ್ಸೆ. ಜ್ವರಕ್ಕೆ, ಹರ್ನಿಯಾಕ್ಕೆ ಅದು ಸಾಕು. ಹೃದಯಕ್ಕೆ ಸಾಲದು. ಅದೇ ಹೊತ್ತಿಗೆ ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ 2007ರಲ್ಲಿ ತಂದ ರಾಜೀವ್ ಆರೋಗ್ಯಶ್ರೀ ದೊಡ್ಡ ಸುದ್ದಿಯಾಗಿತ್ತು. ದೊಡ್ಡ ಕಾಯಿಲೆಗೆ ದೊಡ್ಡ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ. 2009ರಲ್ಲಿ ಅವರು ಚುನಾವಣೆ ಗೆದ್ದರು. ನೆರೆಯ ಸರ್ಕಾರಗಳು ಈ ಪಾಠವನ್ನು ಬೇಗ ಕಲಿತವು. ತಮಿಳುನಾಡಿನಲ್ಲಿ ಅದೇ ವರ್ಷ ಕರುಣಾನಿಧಿಯವರ ಬಿರುದಿನಲ್ಲಿ ಕಲೈಞರ್ ವಿಮೆ ಬಂತು. ಜಯಲಲಿತಾ ಅಧಿಕಾರಕ್ಕೆ ಬಂದ ಮೇಲೆ ಅದನ್ನು ತೆಗೆದು ಮುಖ್ಯಮಂತ್ರಿಯ ವಿಮೆ ಎಂದು ಹೊಸದಾಗಿ ಆರಂಭಿಸಿದರು. ಕರ್ನಾಟಕದ ಬಿಜೆಪಿ ಸರ್ಕಾರ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ತಂದಿತು. ಆಂಧ್ರದ ರಾಜೀವ್ ಗಡಿ ದಾಟಿ ವಾಜಪೇಯಿ ಆದರು, ಆರೋಗ್ಯಶ್ರೀ ಹಾಗೇ ಉಳಿಯಿತು.

ವಾಜಪೇಯಿ ಆರೋಗ್ಯಶ್ರೀಯಲ್ಲಿ ಬಿಪಿಎಲ್ ಕುಟುಂಬಕ್ಕೆ ಒಂದೂವರೆ ಲಕ್ಷ, ಅಗತ್ಯ ಬಿದ್ದರೆ ಇನ್ನೂ ಐವತ್ತು ಸಾವಿರ. ಹೃದಯ, ಕ್ಯಾನ್ಸರ್, ನರರೋಗ, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗಳು. ವಿಮಾ ಕಂಪನಿಯ ಗೊಡವೆಯಿಲ್ಲದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತಿತ್ತು. ಆದರೆ ಮೊದಲು ಬಂದದ್ದು ಗುಲಬರ್ಗಾ ವಿಭಾಗಕ್ಕೆ, ಆಮೇಲೆ ಬೆಳಗಾವಿ ವಿಭಾಗಕ್ಕೆ. ಹಿಂದುಳಿದ ಉತ್ತರಕ್ಕೆ ಮೊದಲು ಎನ್ನುವುದು ನ್ಯಾಯವೇ. ಹಾಸನ ಸೇರಿದ ಮೈಸೂರು ವಿಭಾಗಕ್ಕೆ ಅದು ತಲುಪಿದ್ದು 2012ರಲ್ಲಿ.

ಈ ಎರಡು ವರ್ಷದ ಅಂತರವನ್ನು ಸಂಶೋಧಕರು ಒಂದು ಪ್ರಯೋಗದಂತೆ ಬಳಸಿಕೊಂಡರು. ಯೋಜನೆ ಇದ್ದ ಪ್ರದೇಶದ ಅಂಚಿನ ಹಳ್ಳಿಗಳನ್ನೂ, ಗಡಿಯ ಈಚೆಗೆ ಯೋಜನೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿದರು. ನೀರಜ್ ಸೂದ್ ಮತ್ತು ಸಂಗಡಿಗರ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಗಡಿಯ ಆಚೆ ಶೇ 0.32, ಈಚೆ ಶೇ 0.90. ಅಂದರೆ ಶೇ 64ರಷ್ಟು ಕಡಿಮೆ. ಸಂಶೋಧನೆಯ ವಿದ್ಯಾರ್ಥಿಯಾಗಿ ಆ ವಿಧಾನದ ಅಚ್ಚುಕಟ್ಟುತನವನ್ನು ಮೆಚ್ಚಿಕೊಂಡೆ. ಮೆಚ್ಚಿಕೊಂಡ ಮೇಲೆ ನೆನಪಾಯಿತು: ನಮ್ಮ ಬ್ಯಾರನ್ನಿನ ಅಣ್ಣನೂ ಯೋಜನೆ ಇನ್ನೂ ತಲುಪಿರದ ದಕ್ಷಿಣದವನೇ. ಯಾವ ಆಸ್ಪತ್ರೆಯೂ ಅವನನ್ನು ತಳ್ಳಲಿಲ್ಲ. ಖರ್ಚೆಷ್ಟು ಎಂದು ಕೇಳಿಕೊಂಡು ಅವನೇ ಬಸ್ಸು ಹತ್ತಿ ವಾಪಸು ಬಂದ. "ಸೊಪ್ಪು ಹೋದ್ಮೇಲೆ ನೋಡಾನ" ಅಂದ. ಆ ವರ್ಷದ ಹರಾಜು ಶುರುವಾಗುವ ಮೊದಲೇ ಹೋದ. ವಾಜಪೇಯಿ ಆರೋಗ್ಯಶ್ರೀ ನಮ್ಮ ಜಿಲ್ಲೆಗೆ ಬಂದದ್ದು ಅದರ ಮುಂದಿನ ವರ್ಷ.

ಒಂದೇ ಬ್ಯಾರನ್ನು. ಒಬ್ಬರಿಗೆ ಸಂಘದ ಷೇರು ಇತ್ತು, ಇನ್ನೊಬ್ಬನಿಗೆ ಇರಲಿಲ್ಲ.

*

ಇಲ್ಲಿ ನ್ಯಾಯಾಲಯ ಎಲ್ಲಿತ್ತು? ಈ ಪ್ರಶ್ನೆ ನನ್ನನ್ನು ಗ್ರಂಥಾಲಯದ ಕಾನೂನು ವಿಭಾಗಕ್ಕೆ ಕಳಿಸಿತು. ನಮ್ಮ ಸಂವಿಧಾನದಲ್ಲಿ ಆರೋಗ್ಯ ಎಂಬ ಮೂಲಭೂತ ಹಕ್ಕು ಅಕ್ಷರದಲ್ಲಿ ಇಲ್ಲ. ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ಬಾಬಿನಲ್ಲಿವೆ. ವಿಮೆ ಕೇಂದ್ರ ಪಟ್ಟಿಯ 47ನೇ ಬಾಬಿನಲ್ಲಿದೆ. ಅಂದರೆ ಆರೋಗ್ಯ ವಿಮೆ ಹುಟ್ಟುವಾಗಲೇ ಎರಡು ಮನೆಗೆ ಸೇರಿದ ಕೂಸು.

ಹಕ್ಕನ್ನು ಬರೆದದ್ದು ಸುಪ್ರೀಂ ಕೋರ್ಟ್, ಅದೂ ಹೆಚ್ಚಿನದು ಒಂದೂವರೆ ವರ್ಷದ ಒಳಗೆ. 1995ರಲ್ಲಿ ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಪ್ರಕರಣದಲ್ಲಿ, ಕಾರ್ಮಿಕನ ಆರೋಗ್ಯ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದಿತು. ಅದೇ ವರ್ಷ ಜೀವವಿಮಾ ನಿಗಮದ ಒಂದು ಪಾಲಿಸಿ ಸರ್ಕಾರಿ ಮತ್ತು ಹೆಸರುವಾಸಿ ಸಂಸ್ಥೆಗಳ ಸಂಬಳದಾರರಿಗೆ ಮಾತ್ರ ಸಿಗುತ್ತಿದ್ದದ್ದನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ಹಾಗೆ ಉಳಿದವರನ್ನು ಹೊರಗಿಡುವುದು ಸಮಾನತೆಗೆ ವಿರುದ್ಧ ಎಂದಿತು. 1891ರಿಂದ ಬಂದ ಆ ಹಳೆಯ ನಿಯಮಕ್ಕೆ, ಸಂಬಳವಿದ್ದವನಿಗೆ ಮಾತ್ರ ವಿಮೆ ಎಂಬುದಕ್ಕೆ, ಇದು ಮೊದಲ ದೊಡ್ಡ ಪೆಟ್ಟು ಎಂದು ನನಗೆ ಅನ್ನಿಸುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಸೇವೆಯನ್ನು ಗ್ರಾಹಕ ಕಾಯ್ದೆಯೊಳಗೆ ತಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಸರ್ಕಾರಿ ಆಸ್ಪತ್ರೆಯ ಸೇವೆ ಅದರ ಹೊರಗೆ ಉಳಿಯಿತು. ಆದರೆ ವಿಮಾ ಕಂಪನಿ ದುಡ್ಡು ಕಟ್ಟಿದ ಚಿಕಿತ್ಸೆ ಒಳಗೆ ಬಂತು. ಬೇರೆಯವರು ಬಿಲ್ಲು ಕಟ್ಟಿದರೂ ರೋಗಿ ಪ್ರಶ್ನೆ ಕೇಳಬಲ್ಲ ಎಂದಾಯಿತು.

1996ರ ಮೇ ತಿಂಗಳಿನ ಪಶ್ಚಿಮ ಬಂಗಾಳ ಖೇತ್ ಮಜ್ದೂರ್ ಸಮಿತಿ ಪ್ರಕರಣ ಇವೆಲ್ಲಕ್ಕಿಂತ ನೇರವಾದದ್ದು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೃಷಿ ಕಾರ್ಮಿಕನನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಕಳಿಸಿದ್ದವು. ಕೊನೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಕೊಟ್ಟು ಬದುಕಿದ. ತುರ್ತು ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂಬ ಕಾರಣ ಹೇಳಿ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ ಎಂದು ಕೋರ್ಟ್ ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು.

ಇಷ್ಟು ಓದಿ ಉಬ್ಬಿದವರು 1998ನ್ನೂ ಓದಬೇಕು. ಪಂಜಾಬ್ ಸರ್ಕಾರ ತನ್ನ ನೌಕರರಿಗೆ ಖಾಸಗಿ ಆಸ್ಪತ್ರೆಯ ಖರ್ಚು ಮರುಪಾವತಿ ಮಾಡುವ ನೀತಿಯನ್ನು ಬದಲಿಸಿ ಮಿತಿ ಹಾಕಿತ್ತು. ರಾಮ್ ಲುಭಾಯಾ ಬಗ್ಗಾ ಪ್ರಕರಣದಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಯಾವ ರಾಜ್ಯದ ಬಳಿಯೂ ಮಿತಿಯಿಲ್ಲದ ಹಣ ಇಲ್ಲ, ನೀತಿ ಬದಲಿಸುವ ಅಧಿಕಾರ ಸರ್ಕಾರಕ್ಕಿದೆ ಎಂಬುದು ತೀರ್ಪಿನ ಸಾರ. ಈ ಎರಡು ತೀರ್ಪುಗಳ ನಡುವೆ ನಮ್ಮ ಆರೋಗ್ಯ ವಿಮೆಯ ಇಡೀ ಕಥೆ ಇದೆ. ಸಾಯುವ ಹೊತ್ತಿಗೆ ಬಾಗಿಲಿಗೆ ಬಂದರೆ ನಿನಗೆ ಹಕ್ಕಿದೆ. ಅದಕ್ಕೆ ಮೊದಲು ಯಾವ ಕಾಯಿಲೆಗೆ, ಎಲ್ಲಿ, ಎಷ್ಟು ದುಡ್ಡಿಗೆ ಎನ್ನುವುದು ಸರ್ಕಾರದ ಇಷ್ಟ. ನಮ್ಮ ಬ್ಯಾರನ್ನಿನ ಅಣ್ಣ ತುರ್ತುಚಿಕಿತ್ಸಾ ವಾರ್ಡಿಗೆ ಬಂದಿದ್ದರೆ 1996ರ ತೀರ್ಪು ಅವನದಾಗುತ್ತಿತ್ತು. ಅವನು ಬಂದದ್ದು ಹೊರರೋಗಿಯಾಗಿ, ಖರ್ಚೆಷ್ಟು ಎಂದು ಕೇಳಲು.

*

ಅಮೆರಿಕದ ಕಥೆ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಅಲ್ಲಿ 2010ರಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಹಾಗಾಗಿ ಜಗಳ ಕಾಯ್ದೆಯ ಮೇಲೆ, ಕೋರ್ಟಿನೊಳಗೆ ನಡೆಯಿತು. 2012ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಕಾಯ್ದೆಯನ್ನು ಉಳಿಸಿತು. ಆದರೆ ಬಡವರ ಮೆಡಿಕೈಡ್ ವಿಸ್ತರಣೆಯನ್ನು ರಾಜ್ಯಗಳ ಮೇಲೆ ಹೇರುವಂತಿಲ್ಲ ಎಂದಿತು. ಪರಿಣಾಮವಾಗಿ ಟೆಕ್ಸಾಸ್, ಫ್ಲಾರಿಡಾ ಸೇರಿದಂತೆ ಹತ್ತು ರಾಜ್ಯಗಳು ಇಂದಿಗೂ ಹೊರಗಿವೆ. 2015ರಲ್ಲಿ ಸಬ್ಸಿಡಿಯ ಬಗ್ಗೆ, 2021ರಲ್ಲಿ ಇಡೀ ಕಾಯ್ದೆಯ ಬಗ್ಗೆ ಮತ್ತೆ ಮೊಕದ್ದಮೆ ಬಂದು ಬಿದ್ದುಹೋದವು. 2017ರಲ್ಲಿ ಸೆನೆಟ್ಟಿನಲ್ಲಿ ಕಾಯ್ದೆಯನ್ನು ಕಿತ್ತುಹಾಕುವ ಪ್ರಯತ್ನ ಜಾನ್ ಮೆಕೇನ್ ಅವರ ಒಂದು ಮತದಿಂದ ಸೋತಿತು. ನೂರು ಗಾಯವಾದರೂ ಕಾಯ್ದೆ ನಿಂತಿದೆ. ಅದನ್ನು ತೆಗೆಯಲು ಬಹಿರಂಗವಾಗಿ ಮತ ಹಾಕಬೇಕು, ಹೆಸರು ದಾಖಲಾಗುತ್ತದೆ.

ನಮ್ಮಲ್ಲಿ ಯಶಸ್ವಿನಿ ಒಂದು ಟ್ರಸ್ಟ್. ವಾಜಪೇಯಿ ಆರೋಗ್ಯಶ್ರೀ ಇನ್ನೊಂದು ಟ್ರಸ್ಟಿನ ಯೋಜನೆ. ಆಯುಷ್ಮಾನ್ ಭಾರತ್ ಕೂಡ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದಲ್ಲ. ಇವನ್ನು ಮುಚ್ಚಲು ಯಾರೂ ಕೈ ಎತ್ತಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು.

ಕರ್ನಾಟಕದ ಶಾಸನಸಭೆ ಈ ವಿಷಯಕ್ಕೆ ನಿಜವಾಗಿ ಕೈಹಾಕಿದ್ದು 2017ರಲ್ಲಿ. ಸಿದ್ದರಾಮಯ್ಯ ಸರ್ಕಾರದ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಚಿಕಿತ್ಸೆಗೆ ದರ ನಿಗದಿ, ದೂರು ಕೇಳುವ ಸಮಿತಿ, ತಪ್ಪು ಮಾಡಿದರೆ ಜೈಲು. ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಹೈಕೋರ್ಟ್ ಮಧ್ಯೆ ಬಂದು ಕೆಲಸಕ್ಕೆ ಮರಳುವಂತೆ ಹೇಳಿತು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ಮಸೂದೆ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. ದರ ನಿಗದಿ ಸರ್ಕಾರಿ ಯೋಜನೆಗಳಡಿಯ ಚಿಕಿತ್ಸೆಗೆ ಸೀಮಿತವಾಯಿತು. ಆದರೂ ತುರ್ತು ಸ್ಥಿತಿಯಲ್ಲಿ ಮುಂಗಡ ಕೇಳಬಾರದು, ಬಾಕಿಗಾಗಿ ಶವ ತಡೆಹಿಡಿಯಬಾರದು ಎಂಬಂಥ ಮಾತುಗಳು ಕಾಯ್ದೆಯ ಅಕ್ಷರವಾದವು. ಮುಂದೆ ಯಾವ ಸರ್ಕಾರ ಬಂದರೂ ಆ ಅಕ್ಷರ ಸುಮ್ಮನೆ ಅಳಿಸಿಹೋಗುವುದಿಲ್ಲ.

*

2018ಕ್ಕೆ ಬರೋಣ. ಆ ವರ್ಷ ನಮ್ಮ ಮನೆಯಲ್ಲಿ ಇನ್ನೊಂದು ಕಾರ್ಡು ಸತ್ತಿತು.

ಮೇ ತಿಂಗಳ ಚುನಾವಣೆಗೆ ಮೊದಲು, ಮಾರ್ಚ್‌ನಲ್ಲಿ, ಆರೋಗ್ಯ ಕರ್ನಾಟಕ ಉದ್ಘಾಟನೆಯಾಯಿತು. ಚದುರಿದ್ದ ಯೋಜನೆಗಳನ್ನೆಲ್ಲ ಒಂದೇ ಛತ್ರಿಯಡಿ ತರುವುದು ಉದ್ದೇಶ. ವಾಜಪೇಯಿ ಆರೋಗ್ಯಶ್ರೀ, ಎಪಿಎಲ್ ಕುಟುಂಬಗಳ ರಾಜೀವ್ ಆರೋಗ್ಯ ಭಾಗ್ಯ, ಯಶಸ್ವಿನಿ ಎಲ್ಲ ಅದರೊಳಗೆ ಕರಗಿದವು. ಮೇ ಕೊನೆಗೆ ಯಶಸ್ವಿನಿ ನಿಂತಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡೂ ಬೆಸೆದು "ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ" ಎಂಬ ಜೋಡಿ ಹೆಸರಾಯಿತು. ಮೈತ್ರಿ ಸರ್ಕಾರದ ಕಾಲದಲ್ಲಿ ಯೋಜನೆಯ ಹೆಸರೂ ಮೈತ್ರಿಯೇ.

ಕಾಗದದ ಮೇಲೆ ಇದು ಬಹಳ ಒಳ್ಳೆಯ ಸುಧಾರಣೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಉಚಿತ. ಷೇರು ಬೇಡ, ಹಸು ಬೇಡ. ಬ್ಯಾರನ್ನಿನ ಅಣ್ಣ ಬದುಕಿದ್ದರೆ ಅವನಿಗೆ ಎಲ್ಲವೂ ಸಿಗುತ್ತಿತ್ತು. ಇದನ್ನು ಮರೆತು ಈ ಸುಧಾರಣೆಯನ್ನು ಬೈಯುವುದು ಅನ್ಯಾಯ.

ಆದರೆ ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜು ದರದ ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ 70 ರೋಗಿಯದು. ಜಂಟಿ ಖಾತೆಯ ಜಮೀನಿನ ಲೆಕ್ಕದಲ್ಲಿ ನಮ್ಮ ಮನೆಗಿದ್ದದ್ದು ಎಪಿಎಲ್ ಕಾರ್ಡು. ಪಹಣಿಯಲ್ಲಿ ಎಕರೆ, ಕೈಯಲ್ಲಿ ಸಾಲ. ಹದಿನೈದು ವರ್ಷ ಯಶಸ್ವಿನಿಗೆ ತಪ್ಪದೆ ದುಡ್ಡು ಕಟ್ಟಿದ್ದವರಿಗೆ, ಸುಧಾರಣೆಯಾದ ಮರುದಿನ ಇದ್ದ ರಕ್ಷಣೆಯೂ ಕಡಿಮೆಯಾಗಿತ್ತು.

ಜುಲೈಯಲ್ಲಿ ದೊಡ್ಡಮ್ಮನಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ದೊಡ್ಡಪ್ಪ ಹಳೆಯ ಯಶಸ್ವಿನಿ ಕಾರ್ಡು ಹಿಡಿದು ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಕೌಂಟರಿನ ಹುಡುಗಿ "ಅದು ನಿಂತೋಯ್ತಲ್ಲ ಅಜ್ಜ" ಅಂದಳು. ಹೊಸ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ರೆಫರಲ್ ಚೀಟಿ ತರಬೇಕು. ಇದರ ಹಿಂದಿನ ತರ್ಕ ನನಗೆ ಒಪ್ಪಿಗೆಯೇ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸಕ್ಕೆ ಖಾಸಗಿಗೆ ದುಡ್ಡು ಹರಿಯಬಾರದು. ಹಾಗೆ ಹರಿದರೆ ಸರ್ಕಾರಿ ಆಸ್ಪತ್ರೆ ಬಡವಾಗುತ್ತಲೇ ಹೋಗುತ್ತದೆ. ಆದರೆ ಚೀಟಿಗಾಗಿ ಮೂರು ಸಲ ಬಸ್ಸು ಹತ್ತಿಳಿದ ದೊಡ್ಡಪ್ಪನಿಗೆ ತರ್ಕ ಯಾರೂ ಹೇಳಲಿಲ್ಲ. ಕೊನೆಗೆ ಮುಂದಿನ ಸೊಪ್ಪಿನ ಮೇಲೆ ಕೈಸಾಲ ತಂದು ಖಾಸಗಿಯಲ್ಲೇ ಮಾಡಿಸಿದರು. ದೊಡ್ಡಮ್ಮ ಗುಣವಾದರು. ಸಾಲ ತೀರಲು ಎರಡು ಹರಾಜು ಬೇಕಾಯಿತು.

ಇಂಥ ಮನೆಗಳು ರಾಜ್ಯದಲ್ಲಿ ಬೇಕಾದಷ್ಟಿದ್ದವು. ಯಶಸ್ವಿನಿ ಬೇಕು ಎಂಬ ಸಹಕಾರಿಗಳ ಬೇಡಿಕೆ ನಿಲ್ಲಲಿಲ್ಲ. 2022ರ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 300 ಕೋಟಿ ರೂಪಾಯಿ ಇಟ್ಟು ಅದಕ್ಕೆ ಮರುಜೀವ ಕೊಡುವುದಾಗಿ ಹೇಳಿದರು. 2023ರ ಜನವರಿಯಿಂದ ಚಿಕಿತ್ಸೆ ಶುರುವಾಯಿತು. ಈಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮಿತಿ ಐದು ಲಕ್ಷ. ಅದೇ ವರ್ಷದ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಇತ್ತು ಎನ್ನುವುದನ್ನು ಬೇರೆ ಹೇಳಬೇಕಿಲ್ಲ. ಸರ್ಕಾರ ಬದಲಾಯಿತು, ಯೋಜನೆ ಮುಂದುವರಿಯಿತು. ಯಶಸ್ವಿನಿ ಎರಡನೇ ಸಲ ಬದುಕುಳಿದದ್ದು ಕೋರ್ಟಿನಿಂದಲ್ಲ, ಸಂಘದಿಂದ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಒಟ್ಟಾಗಿ ಕೇಳಲು ಒಂದು ಜಾಗ ಇದ್ದವರು ಕಳೆದುಕೊಂಡದ್ದನ್ನು ವಾಪಸು ಪಡೆದರು. 2011ರ ಅಣ್ಣನಿಗೆ ಅಂಥ ಜಾಗ ಇರಲಿಲ್ಲ.

*

ರೇಷನ್ ಕಾರ್ಡಿನ ಮೇಲೆ ಆಸ್ಪತ್ರೆಯ ಹಕ್ಕನ್ನು ಕೂರಿಸಿದ್ದರಿಂದ ಇನ್ನೊಂದು ಅಪಾಯವೂ ಹುಟ್ಟಿದೆ. 2024ರ ನವೆಂಬರ್‌ನಲ್ಲಿ ಅನರ್ಹರ ಬಿಪಿಎಲ್ ಕಾರ್ಡು ರದ್ದು ಮಾಡುವ ಕೆಲಸ ರಾಜ್ಯದಲ್ಲಿ ಗದ್ದಲವೆಬ್ಬಿಸಿತು. ಸರ್ಕಾರ ಹಿಂದೆ ಸರಿಯಬೇಕಾಯಿತು. ಪತ್ರಿಕೆಗಳ ಚರ್ಚೆ ಹೆಚ್ಚಾಗಿ ಅಕ್ಕಿಯ ಸುತ್ತ ಇತ್ತು. ನನಗೆ ಚಿಂತೆಯಾದದ್ದು ಐದು ಲಕ್ಷದ್ದು. ಅಕ್ಕಿ ಹೋದರೆ ಅಂಗಡಿಯಲ್ಲಿ ಕೊಂಡು ಉಣ್ಣಬಹುದು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ ದಿನ ಕಾರ್ಡಿನ ದರ್ಜೆ ಬದಲಾದರೆ?

ಕೇಂದ್ರ ಮತ್ತು ರಾಜ್ಯದ ಎಳೆದಾಟವೂ ಮುಗಿದಿಲ್ಲ. ಕೇಂದ್ರದ ಶೇ 60ರ ಪಾಲು 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಗುರುತಿಸಿದ ಸುಮಾರು 62 ಲಕ್ಷ ಕುಟುಂಬಗಳಿಗೆ ಮಾತ್ರ. ಉಳಿದವರ ಖರ್ಚು ಪೂರ್ತಿ ರಾಜ್ಯದ್ದು, ಕಾರ್ಡಿನಲ್ಲಿ ಮಾತ್ರ ಇಬ್ಬರ ಹೆಸರು. ದೆಹಲಿಯಲ್ಲಿ ಇದು ಕೋರ್ಟಿನವರೆಗೂ ಹೋಯಿತು. ಆಯುಷ್ಮಾನ್ ಸೇರಲು ಒಪ್ಪದ ಅಲ್ಲಿನ ಸರ್ಕಾರಕ್ಕೆ, ಆಯುಷ್ಮಾನ್ ಭಾರತದ ಆರೋಗ್ಯ ಮೂಲಸೌಕರ್ಯ ಮಿಷನ್ ಬಗ್ಗೆ ಕೇಂದ್ರದೊಡನೆ ಒಪ್ಪಂದ ಮಾಡಿಕೊಳ್ಳಿ ಎಂದು ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದಾಗಿ ಕೆಲವೇ ವಾರಗಳಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಗಿ, ಏಪ್ರಿಲ್‌ನಲ್ಲಿ ದೆಹಲಿ ಯೋಜನೆಗೆ ಸೇರಿತು. ಕೋರ್ಟಿನಲ್ಲಿ ತೀರದ್ದು ಮತಗಟ್ಟೆಯಲ್ಲಿ ತೀರಿತು. ಅದೇ ಮತಗಟ್ಟೆಯಲ್ಲಿ ಅದು ನಾಳೆ ತಿರುಗಲೂಬಹುದು.

ರಾಜಸ್ಥಾನ 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆಯನ್ನೇ ಮಾಡಿತು. ವೈದ್ಯರ ಪ್ರತಿಭಟನೆಯ ನಡುವೆ, ಕೊರತೆಗಳ ಸಮೇತ. ಕರ್ನಾಟಕ ಇಪ್ಪತ್ತು ವರ್ಷದಿಂದ ದೇಶಕ್ಕೆ ಯೋಜನೆಗಳ ಮಾದರಿ ಕೊಟ್ಟಿದೆ. ಆದರೆ ಅಂಥ ಹಕ್ಕಿನ ಕಾಯ್ದೆ ಮಾಡಿಲ್ಲ. ಕಾಯ್ದೆಯೊಂದೇ ಎಲ್ಲವನ್ನೂ ಉಳಿಸುತ್ತದೆ ಎಂಬ ಭ್ರಮೆ ನನಗಿಲ್ಲ, ಅಮೆರಿಕದ ಕಥೆ ಅದನ್ನೂ ಹೇಳುತ್ತದೆ. ಆದರೆ ಕಾಯ್ದೆ ಇದ್ದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವವರು ಎದ್ದು ನಿಂತು ಕಾರಣ ಹೇಳಬೇಕಾಗುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಕೌಂಟರಿನ ಹುಡುಗಿಗೆ ಬಿಟ್ಟಿದ್ದೇವೆ.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೆಸರು ದಿನವೂ ಟಿವಿಯಲ್ಲಿ ಬಂತು. ಹೃದಯಾಘಾತದ ಸಾವುಗಳು, ಅದರಲ್ಲೂ ಚಿಕ್ಕ ವಯಸ್ಸಿನವರದು. ಸರ್ಕಾರ ತಜ್ಞರ ಸಮಿತಿ ಮಾಡಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿಗೇ ಸಾಲು ನಿಂತಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಎಷ್ಟು ಮುಖ್ಯ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಅಲ್ಲಿ ಯಾವ ಕಾರ್ಡು ಎಂದು ಮೊದಲು ಕೇಳುವುದಿಲ್ಲ. ಎದೆ ಹಿಡಿದುಕೊಂಡು ಬಂದವನಿಗೆ ಮೊದಲು ಇಸಿಜಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಗಟ್ಟಿಯಿದ್ದರೆ ಕಾರ್ಡಿನ ಪ್ರಶ್ನೆಯೇ ಅರ್ಧ ಕಡಿಮೆಯಾಗುತ್ತದೆ ಎನ್ನುವುದು ಈ ಇಡೀ ಚರಿತ್ರೆಯಲ್ಲಿ ಮತ್ತೆ ಮತ್ತೆ ಮರೆತುಹೋಗುವ ಮಾತು.

ಆ ದಿನ ಕೊನೆಗೆ ದೊಡ್ಡಪ್ಪನಿಗೆ ಹೊಸ ಯಶಸ್ವಿನಿ ಕಾರ್ಡನ್ನು ಎತ್ತಿ ಕೊಟ್ಟೆ. ಈ ವರ್ಷದ ರಸೀದಿ ಇದೆಯೇ ಎಂದು ಎರಡು ಸಲ ನೋಡಿದೆ. ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್ ಜೊತೆಗಿಡಿ, ಎಪ್ಪತ್ತು ದಾಟಿದವರಿಗೆ ಕೇಂದ್ರ 2024ರಲ್ಲಿ ಆಯುಷ್ಮಾನ್ ವಿಸ್ತರಿಸಿದೆ, ಅದನ್ನೂ ಕೇಳಿ ನೋಡೋಣ ಎಂದೆ. ಉಳಿದ ಹಳೆಯ ಕಾರ್ಡುಗಳನ್ನು ಎಸೆಯಬಹುದು ಎಂದೂ ಹೇಳಿದೆ.

ದೊಡ್ಡಪ್ಪ ಎಸೆಯಲಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ರಬ್ಬರ್ ಬ್ಯಾಂಡು ಹಾಕಿ ಕವರಿನೊಳಗೆ ಇಟ್ಟರು. "ಇರ್ಲಿ ಮಗ. ಇದೂ ಒಂದ್ಸಲ ಸತ್ತು ಬದುಕಿದ್ದೆ ಅಲ್ವಾ" ಅಂದರು.